ಪ್ರಕೃತಿಯ ಪುಟ: ಹುಳಿನೀರಿನ ನಿವಾಸಿಗಳು

ಹಿತ್ತಲಿನ ಕಲ್ಲುತೊಟ್ಟಿಯನ್ನು ಮೊನ್ನೆ ತೊಳೆಯಿಸುತ್ತಿದ್ದಾಗ ತಳದ ಕೆಸರಿನಲ್ಲಿ ನೆತ್ತರುಬಣ್ಣದ ಸಣ್ಣ ಹುಳುಗಳು ಹೊರಳಾಡುತ್ತಿದ್ದುವು. ಮನೆಯಾಕೆ ‘ಅಯ್ಯೊ!’ ಎಂದು ಸೆರಗನ್ನು ಎತ್ತಿಕೊಂಡು ಹಿಂದೆ ಸರಿದಳು. ವಾಚಕರೆ, ಇವು ಸೊಳ್ಳೆಯನ್ನು ಹೋಲಿಯೂ ಕಚ್ಚಲರಿಯದ ಒಂದು ಕೀಟದ ಮರಿಗಳು. ನಮ್ಮ ರಕ್ತಕ್ಕೆ ಕೆಂಪನ್ನು ಕೊಡುವ ದ್ರವ್ಯವೇ ಇವುಗಳ ಮೈಯಲ್ಲಿಯೂ ಇರುವುದರಿಂದ, ಪ್ರಾಣವಾಯು ವಿರಳವಾದ ಕೆಸರಿನಲ್ಲಿಯೂ ಇವು ಬಾಳಬಲ್ಲುವು. ಇವುಗಳ ದಾಯಾದಿಗಳು ದೂರದ ಜರ್ಮನಿಯಲ್ಲಿ, ಮೀನೂ ಬದುಕದ ನೀರಿನಲ್ಲಿ, ಸಂಸಾರ ಹೂಡಿರುವ ಸಂಗತಿಯನ್ನು ಈ ತಿಂಗಳು ಹೇಳಬೇಕೆಂದಿರುವೆನು.

ಜರ್ಮನಿಯ ಪೂರ್ವದಲ್ಲಿ ಲೌಸಿಟ್ಸ್ ಎಂಬ ಪ್ರಾಂತವುಂಟು. ಅಲ್ಲಿ ಕಂದು ಕಲ್ಲಿದ್ದಲಿಗಾಗಿ ನೆಲವನ್ನು ಬಯಲಾಗಿಯೇ ತೋಡಿದರು. ನೂರಕ್ಕೂ ಹೆಚ್ಚು ಹಳ್ಳಿಗಳು ಈ ತೋಡಿಕೆಗೆ ಬಲಿಯಾದುವು. ಅವುಗಳಲ್ಲಿ ಹಲವು, ಸೋರ್ಬ್ ಎಂಬ ಸಣ್ಣದೊಂದು ಸ್ಲಾವ ಭಾಷೆಯನ್ನಾಡುವ ಜನರವು. ಗಣಿಯು ನಡೆಯುವವರೆಗೆ ಅಂತರ್ಜಲವನ್ನು ಯಂತ್ರಗಳು ಎತ್ತಿ ಹೊರಚೆಲ್ಲುತ್ತಿದ್ದುವು. 1990ರಲ್ಲಿ ಜರ್ಮನಿಯು ಒಂದಾದ ಮೇಲೆ ಬಹುಮಂದಿ ಗಣಿಗಳು ಮುಚ್ಚಿದುವು. ಯಂತ್ರಗಳು ನಿಂತವು, ನೀರು ಏರಿತು, ಹಳ್ಳಗಳೆಲ್ಲ ಸರೋವರಗಳಾದುವು.

ಆದರೆ ಎಂತಹ ನೀರು! ಕಲ್ಲಿದ್ದಲಿನ ಜೊತೆಯ ಮಣ್ಣಿನಲ್ಲಿ ಕಬ್ಬಿಣವೂ ಗಂಧಕವೂ ಬೆರೆತ ಪೈರೈಟ್ ಎಂಬ ಖನಿಜವಿರುವುದು. ಭೂಗರ್ಭದಲ್ಲಿ ಅದು ನಿರುಪದ್ರವಿಯಾಗಿ ಮಲಗಿರುವುದು. ತೋಡಿ ಹರಡಿದಾಗ ಗಾಳಿಯೂ ನೀರೂ ತಗುಲಿ ಗಂಧಕಾಮ್ಲವು ಹುಟ್ಟುವುದು. ಕಬ್ಬಿಣವು ಕರಗಿ ನೀರು ಇಟ್ಟಿಗೆಯ ಬಣ್ಣವನ್ನು ತಾಳುವುದು. ಪ್ಲೆಸ್ಸಾ ಊರಿನ ಬಳಿಯ ಹಳೆಯ ಗಣಿಯ ಒಂದು ಸರೋವರಕ್ಕೆ ಶಾಸ್ತ್ರಜ್ಞರು 111 ಎಂದು ಬರಿಯ ಅಂಕೆಯನ್ನಿಟ್ಟರು. ಅದರ ನೀರಿನ ಆಮ್ಲಮಾನವು ಸುಮಾರು 2.6; ಎಂದರೆ ನಿಂಬೆಯ ರಸಕ್ಕಿಂತ ತುಸು ಸೌಮ್ಯ, ಹುಳಿಮಜ್ಜಿಗೆಗಿಂತ ಬಹಳ ತೀಕ್ಷ್ಣ. ಅಲ್ಲಿ ಮೀನಿಲ್ಲ. ಬಸವನಹುಳುವೂ ಇಲ್ಲ, ಏಕೆಂದರೆ ಅದರ ಚಿಪ್ಪು ಸುಣ್ಣದ್ದು. ಆಮ್ಲದಲ್ಲಿ ಸುಣ್ಣವು ನಿಲ್ಲಲಾರದು.

ಆದರೂ ಆ ನೀರು ಬರಿದಲ್ಲ! ತಳದಲ್ಲಿ ನಮ್ಮ ತೊಟ್ಟಿಯ ಹುಳುವಿನ ದಾಯಾದಿಯು ಕೆಸರಿನೊಳಗೆ ಮನೆ ಮಾಡಿರುವುದು. ನೀರಿನ ನಡುವೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಚಕ್ರಜೀವಿಗಳು, ಹಸುರು ಪಾಚಿಯ ಕಣಗಳನ್ನು ಮೇಯುತ್ತ ತಿರುಗುವುವು. ಲೌಸಿಟ್ಸಿನ ಇಂತಹ ಸರೋವರಗಳಲ್ಲಿ ಅವನ್ನೆಲ್ಲ ಮೀರಿದ ಪ್ರಭುವು ತಿಗಣೆಯ ಬಳಗದ ಒಂದು ಕೀಟ. ಉದ್ದನೆಯ ಹಿಂಗಾಲುಗಳನ್ನು ಹುಟ್ಟಿನಂತೆ ಬೀಸಿ, ಮೈಗೆ ಗಾಳಿಯ ಪೊರೆಯನ್ನು ಹೊದ್ದು ಅದು ಮುಳುಗುವುದು. ಅದಕ್ಕೆ ರೆಕ್ಕೆಯೂ ಉಂಟಾದ್ದರಿಂದ ಹೊಸ ಸರೋವರಕ್ಕೆ ಯಾರೂ ತಂದು ಬಿಡಬೇಕಾಗಿಲ್ಲ. ಮೀನಿರುವ ಕೆರೆಯಲ್ಲಿ ಇದು ತುತ್ತಾಗುವ ಬಡಪಾಯಿ, ಮೀನಿಲ್ಲದೆಡೆ ಸಾಮಂತ!

ಇದನ್ನು ಓದಿ, ಹಾಗಾದರೆ ಹುಳಿನೀರನ್ನು ಹಾಗೆಯೇ ಬಿಡಲಿ ಎನ್ನುವವರೂ ಇರಬಹುದು. ನಾನು ಅಷ್ಟು ದೂರ ಹೋಗಲಾರೆ. ಆ ನೀರು ನದಿಗೆ ಹರಿದರೆ ಕೆಳಗಿನ ಊರುಗಳಿಗೆ ಕಬ್ಬಿಣದ ಕೆಸರೇ ಗತಿ. ಸೆನ್ಫ್‌ಟೆನ್‌ಬೆರ್ಗ್ ಸರೋವರವನ್ನು 1967ರಿಂದ 1972ರವರೆಗೆ ನದಿಯ ನೀರಿನಿಂದ ತುಂಬಿಸಿ, 1973ರಲ್ಲಿ ಜನರ ಸ್ನಾನಕ್ಕೂ ವಿಹಾರಕ್ಕೂ ತೆರೆದರು. ಊರು ಕಳೆದುಕೊಂಡ ಸೀಮೆಗೆ ಅಷ್ಟಾದರೂ ಬೇಡವೆ? ಬೇರೆ ಕೆಲವೆಡೆ ಹಡಗುಗಳು ಓಡಾಡುತ್ತ ಸುಣ್ಣವನ್ನು ನೀರಿಗೆ ಎರಚುವುವು. ಹುಳಿ ತಗ್ಗಿದಂತೆ ಬಸವನಹುಳು ಬರುವುದು, ಮೀನು ಬರುವುದು. ಹುಟ್ಟು ಹಾಕುವ ನಮ್ಮ ಸಾಮಂತನು ರೆಕ್ಕೆ ಬಿಚ್ಚಿ ಬೇರೊಂದು ಹಳ್ಳವನ್ನು ಅರಸಬೇಕಾಗುವುದು.

ನಮ್ಮ ತೊಟ್ಟಿಯ ಕೆಸರನ್ನು ಬಾಳೆಯ ಬುಡಕ್ಕೆ ಸುರಿಸಿದ್ದಾಯಿತು. ಒಂದು ಬೋಗುಣಿಯಷ್ಟನ್ನು ಮಾತ್ರ, ಮನೆಯಾಕೆಯ ಕಣ್ಣು ತಪ್ಪಿಸಿ, ಮಕ್ಕಳಿಗಾಗಿ ಉಳಿಸಿರುವೆನು.