ವೃತ್ತಕ್ಕೂ ಇಂಗ್ಲಿಷೇ ಬೇಕೇ ಸ್ವಾಮಿ?

ನಮ್ಮ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡಿದ್ದೀರಾ? ಕನ್ನಡಿಯಂತೆ ಮುಖ ತೋರಿಸುತ್ತವೆ! 1133ರ ಆ ಬಸದಿಯ ಶಿಲ್ಪಿ ಕೇಂದ್ರ, ತ್ರಿಜ್ಯಗಳ ಲೆಕ್ಕವನ್ನು ಇಂಗ್ಲಿಷಿನಲ್ಲಿ ಕಲಿತಿದ್ದನೇ? 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ಕ್ಷೇತ್ರಗಣಿತ’ ಬರೆದ.

ಇಂದೇನಾಗಿದೆ? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ನಿರ್ದೇಶಾಂಕ ರೇಖಾಗಣಿತ ಕಲಿತ ಹಳ್ಳಿ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಸರ್ಕಲ್, ಪ್ಯಾರಾಬೋಲ, ಎಲಿಪ್ಸ್, ಹೈಪರ್‌ಬೋಲ ಎಂದು ಕಲ್ಲಿನ ಮಳೆ! ಕೇಂದ್ರ (3, 4) ಇರುವ ವೃತ್ತ ಮೂಲಬಿಂದುವಿನ ಮೂಲಕ ಹಾದರೆ ತ್ರಿಜ್ಯವೆಷ್ಟು? 9ಕ್ಕೆ 16 ಕೂಡಿಸಿ. 25ರ ವರ್ಗಮೂಲ 5. ಹತ್ತನೇ ತರಗತಿಯ ದೂರಸೂತ್ರವೇ ಸಾಕು. ಅವಳಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅವಳನ್ನು ದಡ್ಡಿ ಎನ್ನುತ್ತೀರಿ! ನಾನೂ ಹೀಗೆಯೇ ಪಿಯುಸಿಗೆ ಓದು ಮುಗಿಸಿ ಅಚ್ಚಿನ ಯಂತ್ರ ಹಿಡಿದವನು.

ಕನ್ನಡದಲ್ಲಿ ಪದಗಳಿಲ್ಲವೇ? ಪರವಲಯ, ದೀರ್ಘವೃತ್ತ, ಅತಿಪರವಲಯ ಎಲ್ಲವೂ ಇವೆ. 2021ರಿಂದ ಜೆಇಇ ಮೇನ್ ಪ್ರಶ್ನೆಪತ್ರಿಕೆಯೇ ಕನ್ನಡದಲ್ಲೂ ಬರುತ್ತಿದೆ. ಪರೀಕ್ಷೆಗೆ ಬಂದ ಕನ್ನಡ ಪಾಠಕ್ಕೇಕೆ ಬಾರದು?

ಹೋರಾಟದ ಗೆಳೆಯರೇ, ನಾಮಫಲಕಕ್ಕೆ ಮಸಿ ಬಳಿದರೆ ಸಾಲದು. ಆ ಮಸಿಯನ್ನು ನನ್ನ ಪ್ರೆಸ್ಸಿಗೆ ತನ್ನಿ! ಉಪನ್ಯಾಸಕರೇ, ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಇಟ್ಟು, ವೃತ್ತದಿಂದ ಅತಿಪರವಲಯದವರೆಗೆ ನೂರು ಲೆಕ್ಕ ಬಿಡಿಸಿ ಬರೆದುಕೊಡಿ. ಕಾಗದ ನೀವು ಕೊಡಿಸಿ, ಅಚ್ಚಿನ ಕೂಲಿ ನನಗೆ ಬೇಡ.

ಕಲ್ಲಿನಲ್ಲಿ ವೃತ್ತ ಕಡೆದ ನಾಡಿನ ಮಕ್ಕಳು ಕಾಗದದ ಮೇಲಿನ ವೃತ್ತಕ್ಕೆ ಹೆದರಿ ಕಾಲೇಜು ಬಿಡಬಾರದು. ಬರೆಯುವವರು ಯಾರು? ಮುಂದೆ ಬನ್ನಿ!