ನೋಟೀಸ್ ಬೋರ್ಡಿನ ‘ಸ್ಲೋ ಲರ್ನರ್’ಗಳು

ಎಂಬಿಬಿಎಸ್ ಮೊದಲ ವರ್ಷದ ಮೊದಲ ಇಂಟರ್ನಲ್ಸ್ ಮುಗಿದ ವಾರ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿಗೆ ಒಂದು ಪಟ್ಟಿ ಬೀಳುತ್ತೆ. ತಲೆಬರಹ ‘ಸ್ಲೋ ಲರ್ನರ್ಸ್’. ಅನಾಟಮಿ ಪಾಠ ಮಾಡೋಳು ನಾನು. ಆ ಪಟ್ಟಿಗೆ ಎಷ್ಟೋ ವರ್ಷ ನಾನೇ ಸಹಿ ಹಾಕಿದ್ದೀನಿ. ಹಾಗಾಗಿ ಈಗ ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈತಿದ್ದೀನಿ.

ಲಕ್ಷಗಟ್ಟಲೆ ಮಕ್ಕಳ ನಡುವೆ ನೀಟ್ ಗೆದ್ದು ಬಂದ ಹುಡುಗಿ ಮೂರೇ ತಿಂಗಳಲ್ಲಿ ‘ಸ್ಲೋ’ ಹೇಗಾದಳು ಸ್ವಾಮಿ? 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಸರ್ಕಾರಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಾತಿಯೂ ಇದೆ. ಹೊಸ್ತಿಲ ತನಕ ಕನ್ನಡ. ದಾಟಿದ ಮರುದಿನ ನೂರೈವತ್ತು ಜನ ತುಂಬಿದ ಹಾಲ್, ಗಂಟೆಗೆ ಅರವತ್ತು ಇಂಗ್ಲಿಷ್ ಸ್ಲೈಡು.

2019ರ ಹೊಸ ಪಠ್ಯಕ್ರಮ ಶುರುವಿಗೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟಿತು. ಅದರಲ್ಲಿ ಭಾಷೆಗೂ ಸಮಯವಿತ್ತು. ನಮ್ಮಲ್ಲಿ ಅದು ಆಟೋಟ, ಗಣ್ಯರ ಭಾಷಣ, ಗ್ರೂಪ್ ಫೋಟೋದಲ್ಲಿ ಮುಗಿದುಹೋಯ್ತು. ಆಮೇಲೆ ಫೇಲಾದವರಿಗೆ ರೆಮಿಡಿಯಲ್ ಕ್ಲಾಸ್. ಏನದು? ಅದೇ ಸ್ಲೈಡು, ಸಂಜೆ ನಾಲ್ಕಕ್ಕೆ, ಹಸಿದ ಹೊಟ್ಟೆಗೆ.

ಕಳೆದ ವರ್ಷ ವೈವಾದಲ್ಲಿ ಆ ಪಟ್ಟಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಪ್ರಶ್ನೆ ರೇಡಿಯಲ್ ನರ್ವ್ ಬಗ್ಗೆ. ‘ಕನ್ನಡದಲ್ಲೇ ಹೇಳಮ್ಮ’ ಅಂದೆ. ‘ಮೇಡಂ, ಅದು ತೋಳಿನ ಮೂಳೆಗೆ ಅಂಟ್ಕೊಂಡೇ ಹಿಂದಿನಿಂದ ಸುತ್ತಿ ಬರುತ್ತೆ. ಮೂಳೆ ನಡುವೆ ಮುರಿದ್ರೆ ನರಕ್ಕೂ ಪೆಟ್ಟು. ಆಗ ಮಣಿಕಟ್ಟು ಎತ್ತೋಕಾಗಲ್ಲ, ಜೋತು ಬೀಳುತ್ತೆ’ ಅಂದಳು. ಇದಕ್ಕಿಂತ ಏನು ಬೇಕಿತ್ತು ನನಗೆ?

ಪಠ್ಯಪುಸ್ತಕಗಳನ್ನೆಲ್ಲ ಕನ್ನಡಕ್ಕೆ ತನ್ನಿ ಅಂತ ನಾನು ಹೇಳ್ತಿಲ್ಲ. ಪರೀಕ್ಷೆ ಇಂಗ್ಲಿಷಲ್ಲೇ ಬರೀಲಿ. ನಾನು ಕೇಳ್ತಿರೋದು ಮೊದಲ ವಾರದಿಂದಲೇ ಪ್ರತಿ ಶನಿವಾರ ಒಂದು ಗಂಟೆ. ಹತ್ತು ಹತ್ತು ಮಕ್ಕಳು, ಪುಸ್ತಕ ಮುಚ್ಚಿ ಆ ವಾರ ಕಲಿತದ್ದನ್ನ ಚಿತ್ರ ಬರೆದು ಬಾಯಲ್ಲಿ ಹೇಳಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ. ಅಂಕ ಇಲ್ಲ. ಓದಿದ್ದನ್ನೇ ಮತ್ತೆ ಓದೋದಕ್ಕಿಂತ ನೆನಪಿನಿಂದ ಹೊರಗೆಳೆದದ್ದು ಹೆಚ್ಚು ಕಾಲ ಉಳಿಯುತ್ತೆ ಅಂತ ಮನೋವಿಜ್ಞಾನಿಗಳು ಪ್ರಯೋಗ ಮಾಡಿ ಮಾಡಿ ತೋರಿಸಿದ್ದಾರೆ. ನಮ್ಮಜ್ಜಿ ಮಗ್ಗಿ ಒಪ್ಪಿಸಿಕೊಳ್ತಿದ್ದದ್ದೂ ಹೀಗೇ.

‘ಸ್ಪೂನ್ ಫೀಡಿಂಗ್ ಆಗುತ್ತೆ ಮೇಡಂ, ಟೈಮೂ ಇಲ್ಲ’ ಅಂತಾರೆ ಸಹೋದ್ಯೋಗಿಗಳು. ರೆಮಿಡಿಯಲ್‌ಗೆ ಟೈಮ್ ಎಲ್ಲಿಂದ ಬಂತು? ಮೊದಲ ವರ್ಷ ಪಾಸಾಗೋಕೆ ಆ ಮಕ್ಕಳಿಗಿರೋದು ನಾಲ್ಕೇ ಅವಕಾಶ. ಅದರಲ್ಲೊಂದನ್ನ ನಮ್ಮ ಸೋಮಾರಿತನಕ್ಕೆ ಯಾಕೆ ತೆರಬೇಕು?

ಬರೋ ತಿಂಗಳು ಮತ್ತೆ ಇಂಟರ್ನಲ್ಸ್. ಪಟ್ಟಿ ನನ್ನ ಟೇಬಲ್ಲಿಗೆ ಬಂದರೆ ಸಹಿ ಹಾಕದೆ ವಾಪಸ್ ಕಳಿಸ್ತೀನಿ, ಹಿಂಬದಿಯಲ್ಲಿ ನನ್ನ ಶನಿವಾರದ ಟೈಮ್‌ಟೇಬಲ್ ಬರೆದು.