ವಸ್ತುಸಂಗ್ರಹಾಲಯಕ್ಕೊಂದು ನಂದಾದೀಪ

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ಪದೇ ಪದೇ ಎದುರಾಗುವ ಮಾತೊಂದಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದುದನ್ನು, ಬಿರಿದುದನ್ನು, ಹಳತಾಗಿ ಕುಸಿದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇಗುಲವನ್ನೋ ಬಸದಿಯನ್ನೋ ಎತ್ತಿಸಿದ ಹಿರಿಯರು ಕಟ್ಟಿಸಿದಷ್ಟಕ್ಕೇ ತಮ್ಮ ಕೆಲಸ ಮುಗಿಯಿತೆಂದು ತಿಳಿಯಲಿಲ್ಲ. ಗೋಡೆ ಬಿರಿದ ದಿನ ಅದನ್ನು ಮೆತ್ತುವವನಿಗೆ ಕೂಲಿ ಎಲ್ಲಿಂದ ಬರಬೇಕು, ಸಂಜೆಯ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದನ್ನೂ ಯೋಚಿಸಿ, ಅದಕ್ಕೆಂದೇ ಗದ್ದೆ ಬೆದ್ದಲುಗಳನ್ನು ಬಿಟ್ಟು, ಅವುಗಳ ಎಲ್ಲೆಕಟ್ಟನ್ನು ಕಲ್ಲಿನಲ್ಲಿ ಕೊರೆಯಿಸಿದರು. ವಿಚಿತ್ರವೆಂದರೆ, ಇಂಥ ಶಾಸನಗಳನ್ನೇ ಕೂಡಿಟ್ಟಿರುವ ನಮ್ಮ ಊರೂರಿನ ವಸ್ತುಸಂಗ್ರಹಾಲಯಗಳನ್ನು ಸಾಕುವ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತಿದ್ದೇವೆ.

ದಾನವೆಂದರೆ ಅರಸರ, ಸಾಮಂತರ ಕೆಲಸವೆಂದು ಬಗೆಯುವವರು ಶ್ರವಣಬೆಳಗೊಳದ ಶಾಸನಗಳನ್ನು ನೋಡಬೇಕು. ರೈಸ್ ಅವರು 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಆ ಸಂಪುಟದಲ್ಲಿ ದೊಡ್ಡ ದತ್ತಿಗಳ ನಡುವೆ ಅತಿ ಸಣ್ಣ ದತ್ತಿಗಳೂ ಇವೆ. ಕೆಲವೇ ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು ನಡೆಯಬೇಕೆಂದು ಗೊತ್ತುಮಾಡಿದವರ ಹೆಸರುಗಳು ಅಲ್ಲಿವೆ. ಬೃಹನ್ಮೂರ್ತಿಯನ್ನು ಮಾಡಿಸುವುದು ಚಾವುಂಡರಾಯನಂಥ ಒಬ್ಬನಿಂದ ಆಗಬಹುದು. ಅದರ ಮುಂದೆ ನಿತ್ಯದ ಹಾಲನ್ನು ನಡೆಯಿಸುವುದು ಅನೇಕರಿಂದ ಮಾತ್ರ ಆಗತಕ್ಕ ಕೆಲಸ.

ಸಣ್ಣ ಊರೊಂದರ ಸಂಗ್ರಹಾಲಯಕ್ಕಾಗಿ ರಸೀದಿ ಪುಸ್ತಕ ಹಿಡಿದು ಹೊರಟ ಸ್ವಯಂಸೇವಕರ ಜೊತೆಯಲ್ಲಿ ನಾನೂ ಕೆಲವು ಬೀದಿಗಳನ್ನು ಸುತ್ತಿದ್ದೇನೆ. ಬಾಗಿಲು ಬಾಗಿಲಿನಲ್ಲಿ ಕೇಳಿಬಂದ ಉತ್ತರಗಳನ್ನೆಲ್ಲ ಮೂರಕ್ಕೆ ಇಳಿಸಬಹುದು. ‘ಸರ್ಕಾರ ಏನು ಮಾಡುತ್ತಿದೆ?’ ಎಂಬುದು ಮೊದಲನೆಯದು. ‘ಕಟ್ಟಡ ಕಟ್ಟುವಾಗ ಬನ್ನಿ, ನಮ್ಮ ತಂದೆಯವರ ಹೆಸರಿನಲ್ಲಿ ಒಂದು ಕೋಣೆ ಕಟ್ಟಿಸೋಣ’ ಎಂಬುದು ಎರಡನೆಯದು. ‘ಹಳೆಯ ಕಲ್ಲಿಗೇಕೆ ಹಣ, ಶಾಲೆಗೆ ಕೇಳಿ ಕೊಡುತ್ತೇವೆ’ ಎಂಬುದು ಮೂರನೆಯದು. ಯಾವುದೂ ದುಷ್ಟರ ಉತ್ತರವಲ್ಲ. ಆದ್ದರಿಂದಲೇ ಇವುಗಳಿಗೆ ಸಮಾಧಾನ ಹೇಳಬೇಕಾಗಿದೆ.

ಸರ್ಕಾರದ ಹೊಣೆಯನ್ನು ಯಾರೂ ಅಲ್ಲಗಳೆಯಲಾರರು. ಹಲ್ಮಿಡಿಯ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು. ಮೂಲಶಾಸನ ಇಂದು ಮೈಸೂರಿನಲ್ಲಿ ಸುರಕ್ಷಿತವಾಗಿದೆ. ಹಲ್ಮಿಡಿಯಲ್ಲಿ ಇರುವುದು ಅದರ ಪ್ರತಿಕೃತಿ. ‘ಕಾಳಿ’ ಎಂಬ ಬೇಟೆನಾಯಿಯ ಶೌರ್ಯವನ್ನು ಹೇಳುವ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿನಲ್ಲಿ ಕಾಪಾಡುವವರಿಲ್ಲದಿದ್ದರೆ ಅಮೂಲ್ಯವಾದ ವಸ್ತು ರಾಜಧಾನಿಗೆ ಹೋಗುವುದೇ ಮೇಲು. ಆದರೆ ಊರಿನಲ್ಲಿಯೇ ಉಳಿಯಬೇಕಾದ ಸಾವಿರಾರು ವಸ್ತುಗಳಿವೆ: ಕಡತ, ಓಲೆಗರಿ, ಮುಖವಾಡ, ಕೊಳಗ, ಕೂರಿಗೆ, ಹೆಸರಿಲ್ಲದ ವೀರಗಲ್ಲು. ಇವನ್ನೆಲ್ಲ ಯಾವ ಇಲಾಖೆಯೂ ಎತ್ತಿಕೊಂಡು ಹೋಗಲಾರದು. ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ 51-ಎ ವಿಧಿ, ಈ ನಾಡಿನ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ರಕ್ಷಿಸುವುದನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದೇ ಎಣಿಸಿದೆ. ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಕೇಳಿ ಸುಮ್ಮನೆ ಕುಳಿತುಕೊಳ್ಳುವ ಹಕ್ಕು ಇದೆಯೆಂದು ನನಗೆ ತೋರುವುದಿಲ್ಲ.

ಎರಡನೆಯ ಉತ್ತರ ಉದಾರವಾದುದು. ಆದರೆ ಅಪಾಯ ಹೆಚ್ಚಾಗಿರುವುದು ಅದರಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ನೋಡಿ. 1968ರಲ್ಲಿ ಆರಂಭವಾದ ಅದಕ್ಕಾಗಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿ ಹಳ್ಳಿಗಳಿಂದ ಸೋಮನ ಮುಖಗಳನ್ನು, ತೊಗಲು ಬೊಂಬೆಗಳನ್ನು, ಯಕ್ಷಗಾನದ ಆಭರಣಗಳನ್ನು ಕೂಡಿಸಿದರು. ಅದು ನೆಲೆಸಿದ ಜಯಲಕ್ಷ್ಮೀವಿಲಾಸ ಭವನ ಈ ಶತಮಾನದ ಮೊದಲ ವರ್ಷಗಳಲ್ಲಿ ಖಾಸಗಿ ದತ್ತಿಯೊಂದರ ದೊಡ್ಡ ನೆರವಿನಿಂದ ಜೀರ್ಣೋದ್ಧಾರಗೊಂಡಿತು. ಎರಡು ದಶಕಗಳು ಕಳೆಯುವಷ್ಟರಲ್ಲಿ ಅದೇ ಭವನ ಮತ್ತೆ ಶಿಥಿಲವಾಗಿ ಮತ್ತೊಂದು ದೊಡ್ಡ ನೆರವನ್ನು ಎದುರುನೋಡಬೇಕಾಯಿತು. ಕೊಟ್ಟವರ ತಪ್ಪೇನೂ ಇಲ್ಲ. ಮಳೆ ಮಾತ್ರ ಪ್ರತಿ ವರ್ಷವೂ ಬರುತ್ತದೆ. ದೊಡ್ಡ ದಾನಿ ಪ್ರತಿ ವರ್ಷ ಬರುವುದಿಲ್ಲ. ಹೆಂಚು ಸರಿಪಡಿಸುವುದಕ್ಕೆ, ಗೆದ್ದಲಿಗೆ ಔಷಧಿ ಹೊಡೆಯುವುದಕ್ಕೆ, ಕಾವಲುಗಾರನ ಸಂಬಳಕ್ಕೆ, ವಸ್ತುಗಳ ಪಟ್ಟಿ ಬರೆಯುವುದಕ್ಕೆ ಬೇಕಾದ ಹಣ ಸಣ್ಣದು. ಆದರೆ ಎಡೆಬಿಡದೆ ಬೇಕಾದದ್ದು. ಇವುಗಳ ಮೇಲೆ ಯಾರ ಹೆಸರನ್ನೂ ಕೊರೆಯಿಸಲಾಗುವುದಿಲ್ಲ. ಆದ್ದರಿಂದಲೇ ಇವುಗಳಿಗೆ ಕೊಡುವವರು ಕಡಮೆ.

ಶಾಲೆಗೆ ಕೊಡುತ್ತೇವೆ ಎನ್ನುವವರೊಡನೆ ನನಗೆ ಜಗಳವಿಲ್ಲ. ಊರಿನ ಸಂಗ್ರಹಾಲಯವೂ ಒಂದು ಶಾಲೆಯೆಂಬುದನ್ನು ಅವರು ಒಪ್ಪಿದರೆ ಸಾಕು. ನಾವು ಸುತ್ತಿದ ಬೀದಿಯೊಂದರಲ್ಲಿ ವೃದ್ಧೆಯೊಬ್ಬರು, ‘ದುಡ್ಡಿಲ್ಲಪ್ಪ, ಇದು ಆದೀತೇನು ನೋಡಿ’ ಎಂದು ಅಟ್ಟದಿಂದ ಹಿತ್ತಾಳೆ ಪಟ್ಟಿ ಬಿಗಿದ ಮರದ ಕೊಳಗವೊಂದನ್ನು ಇಳಿಸಿಕೊಟ್ಟರು. ಕೊಳಗ, ಬಳ್ಳ, ಮಾನಗಳನ್ನು ಪಠ್ಯಪುಸ್ತಕದಲ್ಲಿ ಮಾತ್ರ ಕಂಡ ಹುಡುಗನಿಗೆ ಅದರ ಭಾರವನ್ನು ಕೈಯಲ್ಲಿ ಹಿಡಿದು ನೋಡುವುದು ಎಂಥ ಪಾಠ! ಆದರೆ ಆ ಕೊಳಗವನ್ನು ತೆಗೆದುಕೊಂಡ ಕ್ಷಣದಿಂದ ನಾವು ಆಕೆಗೆ ಸಾಲಗಾರರು. ಅಟ್ಟದ ಮೇಲೆ ಅಷ್ಟು ಕಾಲ ಬಾಳಿದ ವಸ್ತು ನಮ್ಮ ಬೀರುವಿನಲ್ಲಿ ಐದೇ ವರ್ಷಕ್ಕೆ ಗೆದ್ದಲಿನ ಪಾಲಾದರೆ, ಸಂಗ್ರಹಾಲಯ ಮಾಡಿದ್ದು ರಕ್ಷಣೆಯೋ ಅಪಹರಣವೋ?

ಜನ ಕೊಡುವುದಿಲ್ಲವೆಂಬ ಮಾತನ್ನು ನಾನು ನಂಬಲಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನ ಗುಡ್ಡೆಯ ನಡುವೆ ಶಾಸನಾಸಕ್ತರ ಕಣ್ಣಿಗೆ ಬಿದ್ದ ಕಿತ್ತಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಅದಕ್ಕೊಂದು ಮಂಟಪ ಎದ್ದದ್ದು ಸುತ್ತಲಿನ ನಿವಾಸಿಗಳ ಮತ್ತು ಇತಿಹಾಸಪ್ರಿಯರ ದೇಣಿಗೆಯಿಂದ. ಕಲ್ಲಿನಲ್ಲಿ ಏನು ಬರೆದಿದೆಯೆಂದು ಓದಿ ಹೇಳುವವರು ಮೊದಲು ಬಂದರು. ಹಣ ಆಮೇಲೆ ಬಂತು. ಚಂದಾ ಎತ್ತುವ ತರುಣರು ಈ ಕ್ರಮವನ್ನು ಗಮನಿಸಬೇಕು. ಬಾಗಿಲಿಗೆ ಹೋದ ಸ್ವಯಂಸೇವಕ ಬೇಡುವವನಲ್ಲ. ಆತ ಸಂಗ್ರಹಾಲಯದ ಮೊದಲ ಉಪಾಧ್ಯಾಯ. ಹಣ ಸಿಗದ ಮನೆಯಲ್ಲಿಯೂ ಊರಿನ ಒಂದು ಸಂಗತಿಯನ್ನು ಹೇಳಿ ಬಂದಿದ್ದರೆ ಅವನ ನಡಿಗೆ ವ್ಯರ್ಥವಲ್ಲ.

ಸ್ವಯಂಸೇವಕ ಮಂಡಲಿಗಳಿಗೆ ನನ್ನ ಸೂಚನೆ ಸರಳವಾದುದು. ಕಟ್ಟಡದ ನಿಧಿಯನ್ನು ಪ್ರತ್ಯೇಕವಾಗಿಟ್ಟು, ನಿರ್ವಹಣೆಗೆಂದೇ ಒಂದು ಶಾಶ್ವತ ನಿಧಿಯನ್ನು ಕೂಡಿಸಿ. ಹನಿ ಹನಿ ಕೂಡಿದರೆ ಹಳ್ಳ: ಒಂದು ಸಾವಿರ ಮನೆಗಳು ತಿಂಗಳಿಗೆ ಹತ್ತೇ ರೂಪಾಯಿ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿಗಳಾಗುತ್ತದೆ. ವರ್ಷಕ್ಕೊಮ್ಮೆ ಊರವರನ್ನು ಕರೆದು ಬಂದ ಹಣ, ಆದ ವೆಚ್ಚ, ಹೊಸದಾಗಿ ಸೇರಿದ ವಸ್ತು, ಕೆಟ್ಟುಹೋದ ವಸ್ತು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಓದಿ ಹೇಳಿ. ಕೆಟ್ಟುಹೋದುದನ್ನು ಹೇಳಲು ನಾಚಬೇಡಿ. ಮುಂದಿನ ವರ್ಷದ ಚಂದಾ ಬರುವುದು ಆ ಪ್ರಾಮಾಣಿಕತೆಯಿಂದ. ಕಂಪನಿಗಳ 2013ರ ಕಾಯಿದೆ ಪರಂಪರೆಯ ರಕ್ಷಣೆಯನ್ನು ಸಾಮಾಜಿಕ ಹೊಣೆಯ ವೆಚ್ಚಗಳಲ್ಲಿ ಸೇರಿಸಿರುವುದರಿಂದ ದೊಡ್ಡ ನೆರವನ್ನೂ ಕೇಳಿ. ಆದರೆ ಊರಿನ ಸಾವಿರ ಮನೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೇಳಿ.

ರಸೀದಿ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸುವಾಗ ‘ಕಟ್ಟಡದ ಸಹಾಯಾರ್ಥ’ ಎಂಬ ಎಂದಿನ ಒಕ್ಕಣೆಯ ಬದಲು ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕಾಗಿ’ ಎಂದು ಬರೆಯಿಸಿ ನೋಡಿ. ಹಾಗೆಂದರೇನೆಂದು ಬಾಗಿಲಲ್ಲಿ ನಿಂತವರು ಕೇಳಿಯೇ ಕೇಳುತ್ತಾರೆ. ಅಲ್ಲಿಂದ ಮಾತು ಆರಂಭವಾಗಲಿ.